ಅಟ್ಟದ ಮೇಲಿನ ಟಿವಿ ಗೇಮ್: ಬಿಚ್ಚುವ ಮುನ್ನ ಅದರ ಮರ್ಮ ತಿಳಿಯಿರಿ

ಕೋಸಗಿಯಿಂದ ಇತ್ತ ಆದೋನಿ, ಅತ್ತ ರಾಯಚೂರಿನವರೆಗೆ ನಮ್ಮ ಕಡೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇನ್ನೂ ಇದೆ. ಒಳಗೆ ಟಿವಿ ಗೇಮ್, ವೈರು ಸುತ್ತಿಕೊಂಡ ಎರಡು ರಿಮೋಟು, ಪ್ಲಾಸ್ಟಿಕ್ ಬಂದೂಕು, ಹಳದಿ ಕ್ಯಾಸೆಟ್ಟು. ಏಪ್ರಿಲ್ ಬಿಸಿಲಿಗೆ ಮಕ್ಕಳನ್ನು ಹೊರಗೆ ಬಿಡಲಾಗದ ದಿನಗಳಲ್ಲಿ ಕಾಂಟ್ರಾ, ಮಾರಿಯೋ, ಟ್ಯಾಂಕ್ ಗೇಮ್ ಆಡಿ ಬೆಳೆದವರು ಈಗ ತಾವೇ ಅಪ್ಪ ಅಮ್ಮಂದಿರು. ಮಕ್ಕಳಿಗೆ ತೋರಿಸೋಣವೆಂದು ಪೆಟ್ಟಿಗೆ ಇಳಿಸುತ್ತಾರೆ, ಪ್ಲಗ್ ಹಾಕುತ್ತಾರೆ, ಪರದೆ ಬೂದಿ ಬಣ್ಣಕ್ಕೆ ತಿರುಗಿ ನಿಲ್ಲುತ್ತದೆ. ಕ್ಯಾಸೆಟ್ಟಿಗೆ ಊದುತ್ತಾರೆ, ಮತ್ತೆ ಹಾಕುತ್ತಾರೆ, ಆಗಲಿಲ್ಲವೆಂದು ಗುಜರಿಗೆ ಕೊಡುತ್ತಾರೆ. ಹೀಗೆ ಗುಜರಿಗೆ ಹೋದವುಗಳಲ್ಲಿ ಬಹುಪಾಲಿಗೆ ಅರ್ಧ ದಿನದ ಆರೈಕೆ ಸಾಕಿತ್ತು ಎಂಬುದು ನನ್ನ ದೃಢ ನಂಬಿಕೆ.

ಆರೈಕೆಗೆ ಕೈಹಾಕುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಈ ಯಂತ್ರಗಳಲ್ಲಿ ನಮಗೆ ವಿಚಿತ್ರವಾಗಿ ಕಾಣುವ ಪ್ರತಿಯೊಂದರ ಹಿಂದೆಯೂ ಯಾರೋ ಕುಳಿತು ಯೋಚಿಸಿದ ಕಾರಣವಿದೆ. ರಿಮೋಟಿನ ವೈರು ಏಕೆ ಗಿಡ್ಡ, ಎರಡನೇ ರಿಮೋಟಿಗೆ ಸ್ಟಾರ್ಟ್ ಗುಂಡಿ ಏಕಿಲ್ಲ, ಗುಂಡು ಹೆಚ್ಚಾದಾಗ ಚಿತ್ರ ಏಕೆ ಮಿನುಗುತ್ತದೆ, ಎಲ್‌ಇಡಿ ಟಿವಿಯಲ್ಲಿ ಬಂದೂಕು ಏಕೆ ಹೊಡೆಯುವುದಿಲ್ಲ. ಕಾರಣ ಗೊತ್ತಿದ್ದವರಿಗೆ ಯಾವುದು ಕೆಟ್ಟದ್ದು, ಯಾವುದು ಹುಟ್ಟುಗುಣ ಎಂಬುದು ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಗೊತ್ತಾಗುತ್ತದೆ.

ನಿಮ್ಮ ಕೈಯಲ್ಲಿರುವುದು ಯಾವುದು?

ಕ್ಯಾಸೆಟ್ಟು ಮೇಲಿನಿಂದ ಇಳಿಯುತ್ತದೆಯೇ? ಅದರ ಬಾಯಲ್ಲಿ ಕಾಣುವ ಹೊಳಪಿನ ಪಟ್ಟಿಗಳು ಎರಡೂ ಬದಿ ಸೇರಿ 60 ಇವೆಯೇ? ಹಾಗಾದರೆ ಅದು ನಿಂಟೆಂಡೊ ಕಂಪನಿಯ ಫ್ಯಾಮಿಲಿ ಕಂಪ್ಯೂಟರ್ ಎಂಬ ಯಂತ್ರದ ವಂಶ. ಜಪಾನಿನಲ್ಲಿ 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಬಂದ ಇದನ್ನು ಅಲ್ಲಿಯವರು ಫ್ಯಾಮಿಕಾಮ್ ಎಂದು ಕರೆದರು. ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರು ಹೊತ್ತು ನಮ್ಮ ದೇಶದ ಮನೆಗಳಿಗೆ ಬಂದವು ಈ ವಂಶದವೇ. ಆಮೇಲೆ ಹೆಸರಿಲ್ಲದ ನಕಲು ಪೆಟ್ಟಿಗೆಗಳು ಬಂದವು. ಸಣ್ಣ ಊರುಗಳನ್ನು ಮುಟ್ಟಿದ್ದು ಹೆಚ್ಚಾಗಿ ಇವೇ.

ಸೆಗಾ ಕಂಪನಿಯ ಯಂತ್ರ ನಿಮ್ಮಲ್ಲಿದ್ದರೆ ನೀವು ವಿರಳರು. 1995ರಲ್ಲಿ ಶಾ ವ್ಯಾಲೇಸ್ ಕಂಪನಿ ಸೆಗಾದ ಮೆಗಾ ಡ್ರೈವ್ ಅನ್ನು ಭಾರತದಲ್ಲಿ ಮಾರತೊಡಗಿದಾಗ ಅದರ ಬೆಲೆ 18,000 ರೂಪಾಯಿ. ಹತ್ತಿ ಮಾರಿದ ದುಡ್ಡಿನಲ್ಲಿ ವರ್ಷ ನಡೆಸುವ ಸೀಮೆಯಲ್ಲಿ ಆ ಬೆಲೆಗೆ ಆಟದ ಸಾಮಾನು ಕೊಳ್ಳುವವರು ಯಾರು? ಇನ್ನು ಡಿಸ್ಕ್ ಹಾಕುವ ಪೆಟ್ಟಿಗೆಯಾದರೆ ಅದು ಬಹುಶಃ ಸೋನಿಯ ಪ್ಲೇಸ್ಟೇಷನ್. 1994ರ ಡಿಸೆಂಬರಿನಲ್ಲಿ ಮೊದಲನೆಯದು, 2000ದ ಮಾರ್ಚಿನಲ್ಲಿ ಎರಡನೆಯದು ಜಪಾನಿನಲ್ಲಿ ಬಿಡುಗಡೆಯಾದವು. ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಂಡು ಆಡಿಸುವ ಅಂಗಡಿಗಳಿಂದಾಗಿ ಎರಡನೆಯದು ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು.

ನೆಲದ ಮೇಲೆ ಕೂರುವವರಿಗಾಗಿ

ಫ್ಯಾಮಿಕಾಮ್ ವಿನ್ಯಾಸದ ಮುಖ್ಯಸ್ಥ ಮಸಾಯುಕಿ ಉಯೆಮುರಾ. ಆಗ ಎಲ್ಲೆಡೆ ಹೆಸರು ಮಾಡಿದ್ದು ಅಮೆರಿಕದ ಅಟಾರಿ ಕಂಪನಿಯ 1977ರ ಯಂತ್ರ. ಅದಕ್ಕಿದ್ದದ್ದು ನೆಟ್ಟಗೆ ನಿಂತ ಕೋಲು, ಒಂದೇ ಕೆಂಪು ಗುಂಡಿ. ಉಯೆಮುರಾ ತಂಡ ಕೋಲನ್ನು ಬೇಡವೆಂದಿತು. ಮಕ್ಕಳು ಆಡಿ ನೆಲದ ಮೇಲೆ ಬಿಟ್ಟು ಹೋಗುತ್ತಾರೆ, ಯಾರಾದರೂ ತುಳಿದರೆ ಮುರಿಯುತ್ತದೆ ಎಂಬುದು ಅವರ ಚಿಂತೆ. ನಿಂಟೆಂಡೊದ ಗುನ್‌ಪೇ ಯೋಕೊಯಿ 1982ರಲ್ಲಿ ಕೈಯಲ್ಲಿ ಹಿಡಿದು ಆಡುವ ಡಾಂಕಿ ಕಾಂಗ್ ಆಟಕ್ಕೆ ಕೂಡುವ (+) ಗುರುತಿನಂಥ ಚಪ್ಪಟೆ ಗುಂಡಿ ಮಾಡಿದ್ದರು. ಅದನ್ನೇ ತಂದು ರಿಮೋಟಿಗೆ ಕೂಡಿಸಿದರು. ಚಾಪೆ ಹಾಸಿ ಟಿವಿ ಮುಂದೆ ಕೂರುವ ಜಪಾನಿನ ಮನೆಯನ್ನು ನೋಡಿ ಮಾಡಿದ ಈ ಆಯ್ಕೆ ನಮ್ಮ ಪಡಸಾಲೆಗೂ ಹೇಳಿ ಮಾಡಿಸಿದಂತೆ ಒಗ್ಗಿತು. ಅಟಾರಿಯ ಕೋಲು ನಮ್ಮ ಮನೆಗಳಲ್ಲಿ ಒಂದು ದೀಪಾವಳಿಯಿಂದ ಇನ್ನೊಂದರವರೆಗೆ ಬಾಳುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಖರ್ಚು ಉಳಿಸಲು ಮೂಲ ಫ್ಯಾಮಿಕಾಮ್‌ನ ರಿಮೋಟುಗಳ ವೈರನ್ನು ಪೆಟ್ಟಿಗೆಯ ಒಳಗೇ ಕೂಡಿಸಿಬಿಟ್ಟಿದ್ದರು, ಬಿಚ್ಚಿ ಬದಲಿಸುವಂತಿರಲಿಲ್ಲ. ವೈರು ಗಿಡ್ಡ. ಪೆಟ್ಟಿಗೆ ಆಡುವವರ ಮಗ್ಗುಲಲ್ಲೇ ಇರುತ್ತದೆ ಎಂಬ ಎಣಿಕೆ ಅದು. ಎರಡನೇ ರಿಮೋಟಿನಲ್ಲಿ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳ ಜಾಗದಲ್ಲಿ ಪುಟ್ಟ ಮೈಕು ಇಟ್ಟಿದ್ದರು. ನಕಲು ಮಾಡಿದವರು ಮೈಕು ಬಿಟ್ಟರು, ಆದರೆ ಹಲವರು ಆ ಎರಡು ಗುಂಡಿಗಳನ್ನು ಮರಳಿ ಕೊಡಲಿಲ್ಲ. ನಿಮ್ಮ ಎರಡನೇ ರಿಮೋಟಿನಲ್ಲಿ ಸ್ಟಾರ್ಟ್ ಇಲ್ಲದಿದ್ದರೆ ಅಂಗಡಿಯವನು ಮೋಸ ಮಾಡಿದನೆಂದು ತಿಳಿಯಬೇಡಿ.

ಇದೇ ಯಂತ್ರ ಅಮೆರಿಕಕ್ಕೆ 1985ರಲ್ಲಿ ಹೋಗುವಾಗ ಮೈಕಟ್ಟನ್ನೇ ಬದಲಿಸಿಕೊಂಡಿತು. 1983ರಲ್ಲಿ ಅಲ್ಲಿ ವಿಡಿಯೋ ಗೇಮ್ ವ್ಯಾಪಾರ ಕುಸಿದುಬಿದ್ದು, ಅಂಗಡಿಯವರು ಆ ಹೆಸರಿನ ವಸ್ತುವನ್ನೇ ಇಡಲು ಹಿಂಜರಿಯುತ್ತಿದ್ದರು. ಹಾಗಾಗಿ ವಿಸಿಆರ್ ಹಾಗೆ ಕಾಣುವಂತೆ ಬೂದು ಪೆಟ್ಟಿಗೆ ಮಾಡಿ, ಮುಂದಿನಿಂದ ಕ್ಯಾಸೆಟ್ಟು ತಳ್ಳಿ ಕೆಳಕ್ಕೆ ಅದುಮುವ ಸ್ಪ್ರಿಂಗ್ ತಟ್ಟೆ ಇಟ್ಟರು. ನೋಡಲು ಚೆಂದ, ಬಾಳಿಕೆಗೆ ಕೆಟ್ಟದ್ದು. ಒಳಗಿನ 72 ಪಿನ್ನುಗಳು ಕ್ರಮೇಣ ಸಡಿಲವಾದವು. ಮೇಲಿಂದ ಪರವಾನಗಿ ತಪಾಸಣೆಯ ಚಿಪ್ಪು ಬೇರೆ. ಸಂಪರ್ಕ ಸರಿಯಿಲ್ಲವೆಂದರೆ ಯಂತ್ರವನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತಿತ್ತು. ಕೆಂಪು ದೀಪ ಮಿನುಗುತ್ತಲೇ ಇರುವ ದೂರು ಹುಟ್ಟಿದ್ದು ಅಲ್ಲಿಂದ. ನಮ್ಮ ಕಡೆ ಬಂದ ನಕಲುಗಳು ಜಪಾನಿನ ಮೇಲ್ಬಾಯಿಯ ಜಾಡನ್ನೇ ಹಿಡಿದವು, ತಪಾಸಣೆ ಚಿಪ್ಪು ಅವುಗಳಲ್ಲಿಲ್ಲ. ಕ್ಯಾಸೆಟ್ಟು ನೇರ ಇಳಿಯುತ್ತದೆ, ಗಟ್ಟಿಯಾಗಿ ಕೂರುತ್ತದೆ. ಅಗ್ಗದ ಪೆಟ್ಟಿಗೆ ಇಷ್ಟು ವರ್ಷ ಉಳಿದದ್ದಕ್ಕೆ ಇದೂ ಒಂದು ಕಾರಣ.

ಎಂಟು ಗುಂಡಿ, ಐದು ತಂತಿ

ಅಟ್ಟದಿಂದ ಇಳಿದ ಪೆಟ್ಟಿಗೆಯಲ್ಲಿ ಮೊದಲು ಕೈಕೊಡುವುದು ರಿಮೋಟು. ಅದನ್ನು ಸರಿಮಾಡುವುದು ಹತ್ತನೇ ತರಗತಿಯ ಹುಡುಗ ಹುಡುಗಿಯರಿಗೂ ಸಾಧ್ಯ. ಅದಕ್ಕೆ ಒಳಗಿನ ಬುದ್ಧಿವಂತಿಕೆ ಅರ್ಥವಾಗಬೇಕು.

ನಾಲ್ಕು ದಿಕ್ಕು, ಎ, ಬಿ, ಸೆಲೆಕ್ಟ್, ಸ್ಟಾರ್ಟ್ ಸೇರಿ ಎಂಟು ಗುಂಡಿ. ಅಟಾರಿಯಂತೆ ಗುಂಡಿಗೊಂದು ತಂತಿ ಎಳೆದಿದ್ದರೆ ಒಂಬತ್ತು ತಂತಿಯ ದಪ್ಪ ವೈರು ಬೇಕಿತ್ತು. ನಿಂಟೆಂಡೊ ರಿಮೋಟಿನೊಳಗೆ 4021 ಎಂಬ ಸಾಮಾನ್ಯ ಚಿಪ್ಪು ಕೂಡಿಸಿತು. ಪೆಟ್ಟಿಗೆ ಒಂದು ತಂತಿಯಲ್ಲಿ ಸೂಚನೆ ಕಳಿಸಿದೊಡನೆ ಚಿಪ್ಪು ಎಂಟೂ ಗುಂಡಿಗಳ ಸ್ಥಿತಿಯನ್ನು ಒಮ್ಮೆಲೇ ಹಿಡಿದಿಡುತ್ತದೆ. ಆಮೇಲೆ ಎರಡನೇ ತಂತಿಯ ಒಂದೊಂದು ಮಿಡಿತಕ್ಕೂ ಮೇಷ್ಟ್ರು ಹಾಜರಿ ಕರೆದಂತೆ ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ ಎಂಬ ಅದೇ ಕ್ರಮದಲ್ಲಿ ಮೂರನೇ ತಂತಿಯಿಂದ ಉತ್ತರ ಹೋಗುತ್ತದೆ. ಉಳಿದೆರಡು ತಂತಿ ಕರೆಂಟಿಗೆ. ಒಟ್ಟು ಐದು. ಆಟ ನಡೆಯುವಾಗ ಈ ಹಾಜರಿ ಸೆಕೆಂಡಿಗೆ ಹತ್ತಾರು ಸಲ ಮುಗಿಯುತ್ತದೆ.

ಇದರಿಂದ ದೋಷ ಹುಡುಕುವ ದಾರಿ ಸಲೀಸು. ಎಂಟೂ ಗುಂಡಿ ಒಟ್ಟಿಗೆ ಸತ್ತಿದ್ದರೆ ಗುಂಡಿಗಳನ್ನು ದೂರಬೇಡಿ. ಐದರಲ್ಲಿ ಒಂದು ತಂತಿ ತುಂಡಾಗಿದೆ. ರಿಮೋಟಿನ ಕತ್ತಿನ ಬಳಿ, ವೈರು ಹೊರಬರುವ ಜಾಗದಲ್ಲೇ ಅದು ಹೆಚ್ಚಾಗಿ ತುಂಡಾಗುವುದು. ಆಡುವಾಗ ಅಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಒಮ್ಮೆ ಬಂದು ಒಮ್ಮೆ ಹೋದರೆ ಅನುಮಾನವೇ ಬೇಡ. ಒಂದೋ ಎರಡೋ ಗುಂಡಿ ಮಾತ್ರ ಕೇಳದಿದ್ದರೆ ತಂತಿ ಚೆನ್ನಾಗಿದೆ, ರಬ್ಬರಿನ ಕೆಳಗೆ ಕೊಳೆ ಕೂತಿದೆ.

ತಂತಿಯ ರಿಪೇರಿಗೆ ಹಿಂದಿನ ಸ್ಕ್ರೂ ತೆಗೆದು ಒಳಗಿನ ಜೋಡಣೆಯ ಫೋಟೊ ತೆಗೆದಿಟ್ಟುಕೊಳ್ಳಿ. ಕೆಟ್ಟ ಭಾಗವನ್ನು ಗೇಣುದ್ದ ಕತ್ತರಿಸಿ, ಉಳಿದ ವೈರಿನ ತುದಿಗಳನ್ನು ಆಯಾ ಜಾಗಕ್ಕೇ ಬೆಸುಗೆ ಹಾಕಿ. ತಂತಿಗಳ ಬಣ್ಣಕ್ಕೆ ಕಂಪನಿಯಿಂದ ಕಂಪನಿಗೆ ಒಂದೇ ನಿಯಮವಿಲ್ಲ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಕೆಂಪು ಇಲ್ಲಿ, ಬಿಳಿ ಅಲ್ಲಿ ಎಂದು ಕೂಡಿಸಬೇಡಿ. ನೀವು ತೆಗೆದ ಫೋಟೊ ಮಾತ್ರ ನಂಬಿ. ಬೆಸುಗೆ ಬಾರದವರು ಈ ಕೆಲಸವನ್ನು ಮೊಬೈಲ್ ರಿಪೇರಿಯವರ ಕೈಗೆ ಕೊಡಬಹುದು.

ಗುಂಡಿಯ ಕೊಳೆ ಇನ್ನೂ ಸುಲಭ. ಪ್ರತಿ ಗುಂಡಿಯ ಕೆಳಗೆ ಮೆತ್ತನೆಯ ಸಿಲಿಕಾನ್ ರಬ್ಬರು, ಅದರ ಹೊಟ್ಟೆಯಲ್ಲಿ ಕಪ್ಪು ಇಂಗಾಲದ ಬಿಲ್ಲೆ. ಒತ್ತಿದಾಗ ಬಿಲ್ಲೆ ಕೆಳಗಿನ ಹಲಗೆಯ ಎರಡು ಗೆರೆಗಳನ್ನು ಸೇರಿಸುತ್ತದೆ. ಫ್ಯಾಮಿಕಾಮ್‌ನ ಮೊದಲ ಕಂತಿನಲ್ಲಿ ಎ, ಬಿ ಗುಂಡಿಗಳೇ ಚೌಕದ ರಬ್ಬರಿನವಾಗಿದ್ದವು. ಅಂಚಿಗೆ ಸಿಕ್ಕಿ ಒಳಗೇ ಉಳಿಯುತ್ತಿದ್ದುದರಿಂದ ಆಮೇಲೆ ಗುಂಡಗಿನ ಗಟ್ಟಿ ಪ್ಲಾಸ್ಟಿಕ್ಕಿಗೆ ಬದಲಿಸಿದರು. ನಮ್ಮ ನಕಲುಗಳಿಗೆ ಬಂದದ್ದು ಆ ತಿದ್ದಿದ ಗುಂಡಿ. ರಬ್ಬರನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹಲಗೆಯ ಗೆರೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಹಗುರವಾಗಿ ಒರೆಸಿ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಅದು ಇದ್ದೇ ಇರುತ್ತದೆ. ಕಪ್ಪು ಗೆರೆಗಳಿರುವ ಹಲಗೆಯಾದರೆ ಉಜ್ಜಲೇಬೇಡಿ, ಗೆರೆ ಅಳಿಸಿಹೋದರೆ ಮರಳಿ ಬಾರದು. ನಮ್ಮದು ಎರೆಮಣ್ಣಿನ ಸೀಮೆ, ಮೇಲೆ ಹತ್ತಿಯ ನವಿರು ದೂಳು. ಬಿಚ್ಚಿದ ರಿಮೋಟಿನೊಳಗೆ ಇವೆರಡೂ ಗಟ್ಟಿಯಾಗಿ ಕೂತಿರುವುದು ಕಾಣುತ್ತದೆ. ಬಿಲ್ಲೆ ಸವೆದಿದ್ದರೆ ಹಳೆಯ ಟಿವಿ ರಿಮೋಟಿನ ರಬ್ಬರಿನಿಂದ ಅಂಥದೇ ಬಿಲ್ಲೆ ಕತ್ತರಿಸಿ ತೆಳ್ಳಗೆ ಅಂಟಿಸಿ. ಎರಡರ ತಂತ್ರವೂ ಒಂದೇ.

ದಿಕ್ಕಿನ ಗುಂಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ನಡುವೆ, ಕೆಳಗಡೆ ಒಂದು ಮೊಳೆಯಂಥ ಉಬ್ಬು ಇರಬೇಕು. ಎಡಕ್ಕೆ ಒತ್ತಿದಾಗ ಬಲದ ತುದಿ ಮೇಲೇಳುವುದು ಅದರಿಂದ. ಅಗ್ಗದ ನಕಲುಗಳಲ್ಲಿ ಆ ಉಬ್ಬು ಕುಳ್ಳಗಿದ್ದು, ಗಟ್ಟಿಯಾಗಿ ಒತ್ತಿದರೆ ಎಡ ಬಲ ಎರಡೂ ಒಮ್ಮೆಗೇ ತಾಗುತ್ತವೆ. ಆಟ ಗೊಂದಲಕ್ಕೆ ಬೀಳುತ್ತದೆ, ಟ್ಯಾಂಕು ಹೇಳಿದ ಕಡೆ ತಿರುಗುವುದಿಲ್ಲ. ಉಬ್ಬಿನ ತುದಿಗೆ ತೆಳುವಾದ ಪ್ಲಾಸ್ಟಿಕ್ ಚೂರು ಅಂಟಿಸಿ ಎತ್ತರಿಸಿದರೆ ಸರಿಹೋಗುತ್ತದೆ. ಈ ಕೂಡುವ ಗುರುತಿನ ಗುಂಡಿಗೆ ನಿಂಟೆಂಡೊ ಪೇಟೆಂಟ್ ಪಡೆದಿತ್ತು. ಸೆಗಾ ದುಂಡು ಬಿಲ್ಲೆಯತ್ತ ಹೋದದ್ದು, ಸೋನಿ ನಾಲ್ಕು ಬಿಡಿ ತುಂಡುಗಳನ್ನು ಮೇಲೆ ಕಾಣಿಸಿದ್ದು ಆ ಹಿನ್ನೆಲೆಯಲ್ಲಿ.

ರಿಪೇರಿ ಮುಗಿದ ಮೇಲೆ ಪರೀಕ್ಷೆ ಬೇಕಲ್ಲ. ಕಾಂಟ್ರಾ ಆಟ ಇದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಹೆಸರಿನ ಪರದೆ ಬರುತ್ತಿದ್ದಂತೆ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ, ಸೆಲೆಕ್ಟಿನಿಂದ ಇಬ್ಬರ ಆಟಕ್ಕೆ ಹೋಗಿ, ಸ್ಟಾರ್ಟ್ ಒತ್ತಿ. ಈ ಕ್ರಮವನ್ನು ಮೊದಲು ಗ್ರೇಡಿಯಸ್ ಎಂಬ ಆಟಕ್ಕಾಗಿ 1986ರಲ್ಲಿ ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ ಇಟ್ಟರು. ಕಾಂಟ್ರಾದಲ್ಲಿ ಅದು 30 ಜೀವ ಕೊಡುತ್ತದೆ. ಮೂರು ಜೀವಕ್ಕೆ ಆಟ ಮುಗಿಯದೆ ಮುಂದುವರಿದರೆ ನಿಮ್ಮ ಎಂಟೂ ಗುಂಡಿಗಳು ಆರೋಗ್ಯವಾಗಿವೆ. 30 ಜೀವ ಮೊದಲೇ ತುಂಬಿಟ್ಟ ಕಾಂಟ್ರಾ ಕೂಡ ಕೆಲವು ಕ್ಯಾಸೆಟ್ಟುಗಳಲ್ಲಿ ಇರುತ್ತದೆ, ಅದರಲ್ಲಿ ಈ ಪರೀಕ್ಷೆ ನಡೆಯದು.

ಎ, ಬಿ ಮೇಲೆ ಇನ್ನೆರಡು ಗುಂಡಿ ಇದ್ದರೆ ಅವು ಟರ್ಬೊ, ಒತ್ತಿ ಹಿಡಿದರೆ ತಾನೇ ಪಟಪಟನೆ ಒತ್ತಿದಂತೆ ಆಗುತ್ತದೆ. ಗಂಟುನೋವಿರುವ ಹಿರಿಯರಿಗೆ, ಐದಾರು ವರ್ಷದ ಮಕ್ಕಳಿಗೆ ಇದು ವರ. ಮಕ್ಕಳಿಗೆ ಮೊದಲ ಪಾಠವಾಗಿ ಕೆಲವೇ ಗುಂಡಿಗಳ ಈ ರಿಮೋಟನ್ನೇ ಕೊಡಿ ಎಂದು ನಾನು ಹೇಳುತ್ತೇನೆ. ಹದಿನಾರು ಗುಂಡಿಯ ಇಂದಿನ ರಿಮೋಟಿನಲ್ಲಿ ಅವರು ಕಣ್ಣನ್ನು ಪರದೆಯಿಂದ ಕೆಳಗಿಳಿಸಿ ಗುಂಡಿ ಹುಡುಕುತ್ತಾರೆ.

ಕ್ಯಾಸೆಟ್ಟಿಗೆ ಊದಬೇಡಿ

ಊದಿದರೆ ಆಟ ಬರುತ್ತದೆ ಎಂಬುದು ಜಗತ್ತಿನ ತುಂಬ ಮಕ್ಕಳು ಕಂಡುಕೊಂಡ ನಂಬಿಕೆ. ನಿಂಟೆಂಡೊ ಮಾತ್ರ ಊದಬಾರದೆಂದೇ ಹೇಳುತ್ತ ಬಂತು. ನಿಜವಾಗಿ ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಉಜ್ಜಿಕೊಂಡದ್ದು. ಉಸಿರಿನ ತೇವ ಹೊಳಪಿನ ಪಟ್ಟಿಗಳ ಮೇಲೆ ಕೂತು ನಿಧಾನವಾಗಿ ಕಿಲುಬು ಹಿಡಿಸುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಹಾಕಿ ಪಟ್ಟಿಗಳನ್ನು ಉದ್ದಕ್ಕೆ ಒರೆಸಿ, ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ. ಹಳೆಯ ಕಿಲುಬಿದ್ದರೆ ಪೆನ್ಸಿಲಿನ ಬಿಳಿ ರಬ್ಬರಿನಿಂದ ಎರಡು ಸಲ ಹಗುರವಾಗಿ ಉಜ್ಜಿ, ಪುಡಿ ಪೂರ್ತಿ ತೆಗೆದು, ಮತ್ತೆ ಒರೆಸಿ. ಪೆಟ್ಟಿಗೆಯ ಬಾಯಿಗೆ ನೇರ ಏನನ್ನೂ ತೂರಿಸಬೇಡಿ. ಒರೆಸಿದ ಕ್ಯಾಸೆಟ್ಟನ್ನೇ ನಾಲ್ಕೈದು ಸಲ ಹಾಕಿ ತೆಗೆದು ಪ್ರತಿ ಸಲ ಒರೆಸಿದರೆ ಒಳಗಿನ ಪಿನ್ನೂ ಶುಚಿಯಾಗುತ್ತದೆ.

9999 ಆಟ ಎಂದು ಬರೆದ ಕ್ಯಾಸೆಟ್ಟಿನಲ್ಲಿ ಅಷ್ಟು ಆಟಗಳಿಲ್ಲ. ಕೆಲವೇ ಆಟಗಳನ್ನು ಬೇರೆ ಬೇರೆ ಹಂತದಿಂದ, ಬೇರೆ ಹೆಸರಿನಿಂದ ಶುರುವಾಗುವಂತೆ ಪಟ್ಟಿ ಮಾಡಿರುತ್ತಾರೆ. ಕ್ಯಾಸೆಟ್ಟು ಹುಡುಕುವಾಗ ಈ ಸಂಖ್ಯೆಗೆ ಬೆಲೆ ಕೊಡದೆ ಮೊದಲ ಪುಟದ ಹೆಸರುಗಳನ್ನು ನೋಡಿ.

ಕರೆಂಟು ಮತ್ತು ಅಡಾಪ್ಟರು

ಪೆಟ್ಟಿಗೆಯನ್ನು ಕೊಲ್ಲುವುದು ಹೆಚ್ಚಾಗಿ ತಪ್ಪು ಅಡಾಪ್ಟರು. ಮೂಲದ್ದು ಕಳೆದಿರುತ್ತದೆ, ವೈಫೈ ಪೆಟ್ಟಿಗೆಯದ್ದೋ ಇನ್ನಾವುದರದ್ದೋ ಚುಚ್ಚುತ್ತಾರೆ. ಇಲ್ಲಿ ಎರಡು ಅಪಾಯ. ಒಂದು, ಧ್ರುವ. ಮೂಲ ಫ್ಯಾಮಿಕಾಮ್‌ನಲ್ಲಿ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ. ಈಗಿನ ಬಹುಪಾಲು ಅಡಾಪ್ಟರುಗಳಲ್ಲಿ ನಡುಭಾಗವೇ ಧನ. ಪೆಟ್ಟಿಗೆಯ ತೂತಿನ ಬಳಿ ಇರುವ ಚಿಕ್ಕ ಚಿತ್ರ ನೋಡಿ, ಅಡಾಪ್ಟರಿನ ಮೇಲಿನ ಚಿತ್ರದೊಂದಿಗೆ ಹೋಲಿಸಿ, ಮಲ್ಟಿಮೀಟರಿನಿಂದ ಅಳೆದು, ಆಮೇಲೆ ಚುಚ್ಚಿ. ಎರಡು, ವೋಲ್ಟು. ಯಂತ್ರಕ್ಕೆ ನಿಜವಾಗಿ ಬೇಕಿರುವುದು 5 ವೋಲ್ಟ್. ಹೆಚ್ಚಿನವುಗಳಲ್ಲಿ 7805 ಎಂಬ ಮೂರು ಕಾಲಿನ ರೆಗ್ಯುಲೇಟರು ಬಂದ ವೋಲ್ಟನ್ನು ಇಳಿಸಿ, ಉಳಿದದ್ದನ್ನು ಶಾಖವಾಗಿ ಬಿಡುತ್ತದೆ. 9 ವೋಲ್ಟ್ ಕೊಟ್ಟರೆ ಅದು ಶಾಖ ಮಾಡಬೇಕಾದದ್ದು 4 ವೋಲ್ಟಿನಷ್ಟು, 12 ಕೊಟ್ಟರೆ 7 ವೋಲ್ಟಿನಷ್ಟು. ಮೇ ತಿಂಗಳ ನಮ್ಮ ಮನೆಯೊಳಗಿನ ಕಾವೂ ಅದರ ಮೇಲೆ ಸೇರುತ್ತದೆ. ಹಾಗಾಗಿ 9 ವೋಲ್ಟ್ ದಾಟಬೇಡಿ, ಒಂದು ಗಂಟೆಗೊಮ್ಮೆ ಬಿಡುವು ಕೊಡಿ, ಪೆಟ್ಟಿಗೆಯನ್ನು ಬಟ್ಟೆಯ ಮೇಲಿಡಬೇಡಿ. ಕಬ್ಬಿಣದ ಟ್ರಾನ್ಸ್‌ಫಾರ್ಮರಿನ ಹಳೆಯ ಭಾರದ ಅಡಾಪ್ಟರುಗಳು ಲೈನಿನ ವೋಲ್ಟೇಜ್ ಏರಿದಂತೆ ತಾವೂ ಏರುತ್ತವೆ. ಧ್ರುವ ಹೊಂದುವ, ಒಳ್ಳೆಯ ಗುಣಮಟ್ಟದ 9 ವೋಲ್ಟ್ ಎಸ್‌ಎಂಪಿಎಸ್ ಅಡಾಪ್ಟರು ಈಗ ಮೇಲು.

ಅಮೆರಿಕದಿಂದಲೋ ಜಪಾನಿನಿಂದಲೋ ಬಂಧುಗಳು ತಂದುಕೊಟ್ಟ ಯಂತ್ರವಾದರೆ ಹಿಂಬದಿಯ ಚೀಟಿ ಓದದೆ ಗೋಡೆಗೆ ಹಚ್ಚಲೇಬಾರದು. ಚೀಟಿಯಲ್ಲಿ 120 ವೋಲ್ಟ್ ಅಥವಾ 100 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230 ವೋಲ್ಟಿಗೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಇಳಿಕೆಯ ಟ್ರಾನ್ಸ್‌ಫಾರ್ಮರು ಬೇಕು.

ಪೆಟ್ಟಿಗೆ ಬಿಚ್ಚಿದಾಗ ಹಲಗೆಯ ಮೇಲೆ ಚಿಪ್ಪಿನ ಬದಲು ಕಪ್ಪು ಅಂಟಿನ ಗುಡ್ಡೆ ಕಂಡರೆ, ಅದರೊಳಗೇ ಇಡೀ ಯಂತ್ರವಿದೆ ಎಂದು ತಿಳಿಯಿರಿ. ಬೆಲೆ ಇಳಿಸಲು ಮಾಡಿದ ಆಯ್ಕೆ. 5 ವೋಲ್ಟ್ ಸರಿಯಾಗಿ ಬರುತ್ತಿದ್ದು, ಕ್ಯಾಸೆಟ್ಟು ಶುಚಿಯಿದ್ದು, ಆದರೂ ಚಿತ್ರ ಬಾರದಿದ್ದರೆ ಆ ಗುಡ್ಡೆ ಸತ್ತಿರಬಹುದು. ಅದಕ್ಕೆ ರಿಪೇರಿ ಇಲ್ಲ, ದುಡ್ಡು ಸುರಿಯಬೇಡಿ.

ಟಿವಿಯ ಮಾತು

ಹಳೆಯ ದಪ್ಪ ಟಿವಿ ಇನ್ನೂ ಇದ್ದರೆ ದಯವಿಟ್ಟು ಮಾರಬೇಡಿ. ಬಂದೂಕಿನ ಆಟ ನಡೆಯುವುದು ಅದರಲ್ಲಿ ಮಾತ್ರ. ಕುದುರೆ ಎಳೆದ ಕ್ಷಣ ಪರದೆ ಒಮ್ಮೆ ಕಪ್ಪಾಗಿ, ಗುರಿಯಾದ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಕಣ್ಣು ಆ ಬಿಳಿಯನ್ನು ಕಂಡರೆ ಹೊಡೆತ ಬಿತ್ತೆಂದು ಲೆಕ್ಕ. ಬಂದೂಕು ಗುಂಡು ಹಾರಿಸುವುದಿಲ್ಲ, ನೋಡುತ್ತದೆ ಅಷ್ಟೇ. ಎಲ್‌ಇಡಿ ಟಿವಿ ಬಂದ ಚಿತ್ರವನ್ನು ಒಂದಿಷ್ಟು ಹೊತ್ತು ತನ್ನಲ್ಲಿಟ್ಟು ತಿದ್ದಿ ತೋರಿಸುವುದರಿಂದ ಬಂದೂಕು ನೋಡುವಷ್ಟರಲ್ಲಿ ಚೌಕ ಬಂದಿರುವುದೇ ಇಲ್ಲ. ಬಂದೂಕು ಕೆಟ್ಟಿದೆಯೆಂದು ಬಿಚ್ಚುವ ಮೊದಲು ಟಿವಿ ನೋಡಿ. ದಪ್ಪ ಟಿವಿಯ ಹಿಂಬದಿಯನ್ನಂತೂ ನೀವಾಗಿ ಬಿಚ್ಚಲೇಬೇಡಿ. ಬಣ್ಣದ ಟಿವಿಯ ಕೊಳವೆಯಲ್ಲಿ 20,000 ವೋಲ್ಟಿಗೂ ಮೇಲೆ ಇರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದಿರಬಹುದು.

ಎಲ್‌ಇಡಿಗೇ ಹಚ್ಚುವುದಾದರೆ ಹಳದಿ ತುದಿ ಚಿತ್ರಕ್ಕೆ, ಇನ್ನೊಂದು ತುದಿ ಬಿಳಿಯ ತೂತಿಗೆ. ಆಂಟೆನಾ ವೈರಿನ ಪೆಟ್ಟಿಗೆಯಾದರೆ ಕ್ಯಾಸೆಟ್ಟು ಹಾಕಿ, ಯಂತ್ರ ಆನ್ ಮಾಡಿಟ್ಟುಕೊಂಡೇ ಅನಲಾಗ್ ಚಾನೆಲ್ ಹುಡುಕಿಸಿ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ, ಚಿತ್ರದ ಅಳತೆ 4:3ಕ್ಕೆ ಇಡಿ. ಈ ಯಂತ್ರದ ಚಿತ್ರ 256 ಚುಕ್ಕೆ ಅಗಲ, 240 ಗೆರೆ ಎತ್ತರ. ಅದನ್ನು ಎಳೆದು ಅಗಲಿಸಿದರೆ ಮಾರಿಯೋ ಊದಿಕೊಳ್ಳುತ್ತಾನೆ.

ಶತ್ರುಗಳು ಹೆಚ್ಚಾದಾಗ ಗುಂಡುಗಳು ಮಿನುಗಿದರೆ ರಿಪೇರಿಗೆ ಒಯ್ಯಬೇಡಿ. ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ಚಿತ್ರದ ಚಿಪ್ಪು ಬಿಡಿಸಲಾರದು. ಒಂಬತ್ತನೆಯದು ಬಂದಾಗ ಒಂದು ಸಲ ಇದನ್ನು, ಮುಂದಿನ ಸಲ ಅದನ್ನು ತೋರಿಸಿ ಆಟ ಬರೆದವರು ಸಂಭಾಳಿಸಿದ್ದಾರೆ.

ಮತ್ತೊಂದು ಸಂಗತಿ ನನಗೆ ಬಹಳ ಪ್ರಿಯ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸಿದರೆ ನಮ್ಮದು 50 ಸಲ. ಆಟದ ಗತಿ ಈ ಎಣಿಕೆಗೇ ಕಟ್ಟಿರುವುದರಿಂದ, 50ರ ದೇಶಗಳಿಗೆಂದು ಮಾಡಿದ ನಕಲು ಪೆಟ್ಟಿಗೆಗಳಲ್ಲಿ ಆಟವೂ ಅದರ ಸಂಗೀತದ ತಾಳವೂ ಆರರಲ್ಲೊಂದು ಪಾಲು ನಿಧಾನ. ಫೋನಿನಲ್ಲಿ ಅದೇ ಮಾರಿಯೋ ಆಡಿದವರು ಈಗ ಬೇಗ ಸಾಯುತ್ತೇವೆ, ಕೈ ಜಡವಾಗಿದೆ ಎಂದು ಕೊರಗುತ್ತಾರೆ. ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ. ಫೋನಿನ ಮಾರಿಯೋ ಜಪಾನಿನ ವೇಗದಲ್ಲಿ ಓಡುತ್ತಿದ್ದಾನೆ.

ಸೆಗಾ, ಸೋನಿ

ಸೆಗಾ ಯಂತ್ರ ಇರುವವರಿಗೆ ಎರಡೇ ಮಾತು. ಸೆಗಾದ ಇನ್ನೊಂದು ಯಂತ್ರವಾದ ಮಾಸ್ಟರ್ ಸಿಸ್ಟಮ್‌ನಲ್ಲಿ ಆಟ ನಿಲ್ಲಿಸುವ ಗುಂಡಿ ರಿಮೋಟಿನಲ್ಲಿಲ್ಲ, ಪೆಟ್ಟಿಗೆಯ ಮೇಲಿದೆ; ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ, ಪೆಟ್ಟಿಗೆಯನ್ನು ಕೈಗೆಟಕುವಲ್ಲಿ ಇಡಿ. ಮತ್ತು, ಮೆಗಾ ಡ್ರೈವ್ ರಿಮೋಟಿನ ಒಂಬತ್ತು ಪಿನ್ನಿನ ತುದಿಯೂ ನಕಲು ಪೆಟ್ಟಿಗೆಗಳ ತುದಿಯೂ ನೋಡಲು ಒಂದೇ, ಒಳಗಿನ ತಂತಿಗಳ ಜೋಡಣೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಯಂತ್ರವೇ ಕೆಡಬಹುದು.

ಪ್ಲೇಸ್ಟೇಷನ್ ರಿಮೋಟಿನ ಎರಡು ಹಿಡಿಗಳನ್ನು ರೂಪಿಸಿದವರು ತೇಯು ಗೋಟೊ. ಕಂಪನಿಯಲ್ಲಿ ಹಲವರು ಚಪ್ಪಟೆಯದೇ ಸಾಕೆಂದಾಗ ಅಧ್ಯಕ್ಷ ನೊರಿಯೊ ಓಗಾ ಹಿಡಿಯ ಪರ ನಿಂತರು. ಅಕ್ಷರಗಳ ಬದಲು ಗುರುತುಗಳನ್ನು ಇಟ್ಟವರೂ ಗೋಟೊ. ತ್ರಿಕೋನ ನೋಡುವ ದಿಕ್ಕು, ಚೌಕ ಕಾಗದದ ಹಾಳೆ, ವೃತ್ತ ಹೌದು, ಅಡ್ಡಗುರುತು ಬೇಡ. ಇಂಗ್ಲಿಷ್ ಓದಲು ಬಾರದ ಮಗುವೂ ಅಂಗಡಿಯಲ್ಲಿ ಕೂತು ಆಡಬಲ್ಲದ್ದಕ್ಕೆ ಇದು ನೆರವಾಯಿತು. ಜಪಾನಿನ ಡಿಸ್ಕುಗಳಲ್ಲಿ ಒಪ್ಪಿಗೆಗೆ ವೃತ್ತ, ಪಶ್ಚಿಮದವುಗಳಲ್ಲಿ ಅಡ್ಡಗುರುತು. ಗುಂಡಿ ಉಲ್ಟಾ ಕೆಲಸ ಮಾಡುತ್ತಿದೆ ಎನಿಸಿದರೆ ಡಿಸ್ಕು ಎಲ್ಲಿಯದೆಂದು ನೋಡಿ.

ಬೆರಳುಕೋಲುಗಳಿರುವ ಪ್ಲೇಸ್ಟೇಷನ್ ರಿಮೋಟಿನಲ್ಲಿ ಅವುಗಳ ಬುಡದಲ್ಲಿ ಇಂಗಾಲದ ಪಟ್ಟಿ ಇದೆ, ಕೋಲು ತಿರುಗಿದಂತೆ ಅದರ ಮೇಲೆ ಲೋಹದ ನಾಲಿಗೆ ಉಜ್ಜುತ್ತದೆ. ವರ್ಷಗಳ ನಂತರ ಸವೆದು, ಕೈ ಬಿಟ್ಟರೂ ಆಟಗಾರ ತಾನೇ ನಡೆಯುತ್ತಾನೆ. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಹಾಕಿ ಕೋಲನ್ನು ಸುತ್ತ ತಿರುಗಿಸಿದರೆ ಕೆಲಕಾಲಕ್ಕೆ ಸರಿ. 1998ರಲ್ಲೇ ಸೆಗಾ ತನ್ನ ಡ್ರೀಮ್‌ಕಾಸ್ಟ್ ರಿಮೋಟಿಗೆ ಅಯಸ್ಕಾಂತದಿಂದ ಅಳೆಯುವ, ಉಜ್ಜಾಟವೇ ಇಲ್ಲದ ಕೋಲು ಇಟ್ಟಿತ್ತು. ಈಗ ಹೊಸ ರಿಮೋಟು ಕೊಳ್ಳುವವರು ಆ ಬಗೆಯ ಕೋಲಿನ ಹೆಸರಾದ ಹಾಲ್ ಎಫೆಕ್ಟ್ ಎಂದು ಬರೆದಿದೆಯೇ ಕೇಳಿ ಕೊಳ್ಳಿ. ಎರಡನೇ ಪ್ಲೇಸ್ಟೇಷನ್ನಿನ ರಿಮೋಟಿನಲ್ಲಿ ಗುಂಡಿಗಳು ಒತ್ತಡವನ್ನೂ ಅಳೆಯುವುದರಿಂದ ಒಳಗೆ ತೆಳು ಹಾಳೆಯಂಥ ಸರ್ಕ್ಯೂಟ್ ಇದೆ. ಹಲವು ಗುಂಡಿ ಒಟ್ಟಿಗೆ ಸತ್ತರೆ ಆ ಹಾಳೆ ಹಲಗೆಗೆ ಸೇರುವಲ್ಲಿ ಸಡಿಲವಾಗಿದೆಯೇ ನೋಡಿ.

ಡಿಸ್ಕು ಓದದಿದ್ದರೆ ಮೊದಲು ಲೆನ್ಸಿನ ದೂಳು ಒರೆಸಿ, ಹಗುರವಾಗಿ, ಐಸೊಪ್ರೊಪೈಲ್ ಹತ್ತಿಕಡ್ಡಿಯಿಂದ. ಮೊದಲ ಪ್ಲೇಸ್ಟೇಷನ್ನಿನ ಆರಂಭದ ಮಾದರಿಗಳಲ್ಲಿ ಲೆನ್ಸಿನ ಪ್ಲಾಸ್ಟಿಕ್ ಹಳಿಯನ್ನು ಬಿಸಿಯಾಗುವ ಪವರ್ ಸಪ್ಲೈ ಮಗ್ಗುಲಲ್ಲೇ ಇಟ್ಟಿದ್ದರು. ಹಳಿ ಸವೆದು ವಾಲಿ, ಜನ ಯಂತ್ರವನ್ನು ತಲೆಕೆಳಗು ಮಾಡಿ ಆಡುತ್ತಿದ್ದರು. ಅಂಥ ಯಂತ್ರ ನಮ್ಮ ಬೇಸಿಗೆಗೆ ಖಂಡಿತ ಬೇಡ, ನಂತರದ ಮಾದರಿ ಹುಡುಕಿ. ಎರಡನೇ ಪ್ಲೇಸ್ಟೇಷನ್ನಿಗೆ 2009ರಲ್ಲಿ ಹೈದರಾಬಾದಿನ ಆರೋನಾ ಟೆಕ್ನಾಲಜೀಸ್ ಮಾಡಿದ ‘ಹನುಮಾನ್: ಬಾಯ್ ವಾರಿಯರ್’ ಡಿಸ್ಕು ಎಲ್ಲಾದರೂ ಸಿಕ್ಕರೆ ಬಿಡಬೇಡಿ. ನಮ್ಮ ಪಕ್ಕದ ಊರಿನಲ್ಲಿ ಕನ್ಸೋಲಿಗಾಗಿ ಹುಟ್ಟಿದ ಆಟವದು.

ಬಿಡಿಭಾಗ ಮತ್ತು ಕಾಪಾಡುವ ಬಗೆ

ರಬ್ಬರು, ವೈರು, 7805, ಅಡಾಪ್ಟರು ಇವೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಗುತ್ತವೆ. ನಮ್ಮ ಕಡೆಯಿಂದ ದುಡಿಯಲು ಬೆಂಗಳೂರಿಗೆ ಹೋದವರು ಹಬ್ಬಕ್ಕೆ ಬರುವಾಗ ತರಬಹುದು. ಹಳೆಯ ಭಾಗದ ಫೋಟೊ, ಪಿನ್ನಿನ ಅಳತೆ ಕಳಿಸಿಕೊಡಿ. ಹಳೆಯ ಪೆಟ್ಟಿಗೆ ಕೊಳ್ಳುವವರು ಅಂಗಡಿಯಲ್ಲೇ ಟಿವಿಗೆ ಹಚ್ಚಿಸಿ, ಎರಡೂ ರಿಮೋಟಿನ ಎಲ್ಲ ಗುಂಡಿ ಒತ್ತಿ, ವೈರಿನ ಕತ್ತು ಅಲ್ಲಾಡಿಸಿ, ಅರ್ಧ ಗಂಟೆ ಬಿಟ್ಟು ಬಿಸಿ ನೋಡಿ ಕೊಳ್ಳಿ. ಜಾತ್ರೆಯ ಆಟಿಕೆ ಅಂಗಡಿಗಳ ಕೈಯಾಟದ ಪೆಟ್ಟಿಗೆಗಳಿಗೆ ಕ್ಯಾಸೆಟ್ಟಿನ ಬಾಯಿ ಇಲ್ಲದಿದ್ದರೆ ಹಳೆಯ ಕ್ಯಾಸೆಟ್ಟು ಅವಕ್ಕೆ ಉಪಯೋಗವಿಲ್ಲ ಎಂಬುದೂ ನೆನಪಿರಲಿ.

ಆಟ ಮುಗಿಸಿ ಎತ್ತಿಡುವಾಗ ವೈರನ್ನು ರಿಮೋಟಿಗೆ ಬಿಗಿಯಾಗಿ ಸುತ್ತಬೇಡಿ, ತುಂಡಾಗುವುದು ಅಲ್ಲೇ. ಸಡಿಲವಾಗಿ ಸುರುಳಿ ಮಾಡಿ ಬಟ್ಟೆಯ ದಾರದಿಂದ ಕಟ್ಟಿ. ಕ್ಯಾಸೆಟ್ಟಿನ ಬಾಯಿ ಕೆಳಗೆ ಮಾಡಿ ಚೀಲದಲ್ಲಿಡಿ. ತಗಡಿನ ಚಾವಣಿಗೆ ತಾಗಿದ ಅಟ್ಟಕ್ಕಿಂತ ಕಪಾಟಿನ ಕೆಳಗಿನ ಖಾನೆ ಒಳ್ಳೆಯದು. ಅಡಾಪ್ಟರಿನ ಮೇಲೆ ಅದು ಯಾವ ಪೆಟ್ಟಿಗೆಯದು, ಎಷ್ಟು ವೋಲ್ಟು, ನಡುಭಾಗ ಧನವೋ ಋಣವೋ ಎಂದು ಬರೆದ ಚೀಟಿ ಅಂಟಿಸಿ, ಮೇಲೆ ಪಾರದರ್ಶಕ ಟೇಪು ಹಾಕಿ.